ಬಿ ಟೀಮಿನ ಸದಾನಂದನ ರಿಲೀಸು

ಮಸ್ಕತ್ತಿನಲ್ಲಿ ಕೆಲಸಕ್ಕೆ ಸೇರಿದ ದಿನ ನನ್ನ ಸರ್ಟಿಫಿಕೇಟುಗಳನ್ನು ಯಾರೂ ಬಿಡಿಸಿ ನೋಡಲಿಲ್ಲ. ಅಲ್ಲಿಯ ರೂವಿ ಪೇಟೆಯ ಕಚೇರಿಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದ, ನಮ್ಮ ಕಡೆಯವರೇ ಆದ ಅಕೌಂಟೆಂಟರೊಬ್ಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು ಕೇಳಿದ್ದು ಒಂದೇ ಪ್ರಶ್ನೆ: "ಬಲಗೈಯಾ, ಎಡಗೈಯಾ?"

ನಾನು ಕಂಗಾಲಾದೆ. "ಊಟ ಬಲಗೈಯಲ್ಲೇ ಸಾರ್," ಎಂದೆ.

"ಊಟ ಎಲ್ಲರೂ ಮಾಡ್ತಾರೆ ಮಾರಾಯ. ಬೌಲಿಂಗ್ ಯಾವ ಕೈ ಅಂತ ಕೇಳಿದ್ದು."

ಬ್ಯಾಟನ್ನು ಯಾವ ತುದಿಯಲ್ಲಿ ಹಿಡಿಯಬೇಕು ಎನ್ನುವುದಕ್ಕಿಂತ ಹೆಚ್ಚಿನ ಕ್ರಿಕೆಟ್ ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿದೆ. ಅವರು ಕನ್ನಡಕ ಇಳಿಸಿ, "ಹಾಗಾದ್ರೆ ನೀನು ಬರೀ ಕೆಲಸಕ್ಕೆ ಬಂದವ," ಎಂದು ಮರುಕದಿಂದ ಒಂದು ಕುರ್ಚಿ ತೋರಿಸಿದರು. ಅವರೇ ಮೂಲ್ಕಿಯ ವಿಠಲಣ್ಣ. ಹಗಲಿಗೆ ಕಂಪನಿಯ ಲೆಕ್ಕ, ಉಳಿದ ಹೊತ್ತಿಗೆಲ್ಲ ಕಂಪನಿಯ ಬಿ ಟೀಮಿನ ಮ್ಯಾನೇಜರಿಕೆ.

ಇಲ್ಲಿ ವಾರದ ರಜೆ ಶುಕ್ರವಾರ. ಮೊದಲ ಶುಕ್ರವಾರವೇ ಅವರು ನನ್ನನ್ನು ಕಾರಿಗೆ ಹತ್ತಿಸಿಕೊಂಡು ಒಂದು ವಾದಿಯ ಪಕ್ಕಕ್ಕೆ ಒಯ್ದರು. ವಾದಿ ಎಂದರೆ ಮಳೆ ಬಿದ್ದಾಗ ಮಾತ್ರ ಹರಿಯುವ ಹೊಳೆ. ಮಳೆ ಯಾವಾಗ ಬೀಳುತ್ತದೆಂದು ಹೊಳೆಗೂ ಗೊತ್ತಿಲ್ಲ. ಸುತ್ತ ಒಂದು ಗಿಡವನ್ನೂ ಹೊರದ ಬೋಳು ಬೆಟ್ಟಗಳು. ಮೈದಾನವೆಂದರೆ ಜಲ್ಲಿಕಲ್ಲು. ನಡುವೆ ಸಿಮೆಂಟಿನ ಪಟ್ಟಿ. ಬೆಳ್ಳಗಿನ ಬಟ್ಟೆ ತೊಟ್ಟವರು ಅದರ ಮೇಲೆ ತೆಂಗಿನ ನಾರಿನ ಚಾಪೆ ಬಿಡಿಸಿ, ತುದಿಗಳಿಗೆ ಮೊಳೆ ಹೊಡೆಯುತ್ತಿದ್ದರು. ನಮ್ಮಲ್ಲಿ ಕಾಯಿಯ ಸಿಪ್ಪೆಯನ್ನು ಬಚ್ಚಲೊಲೆಗೆ ಹಾಕಿ ಮರೆಯುತ್ತೇವೆ. ಇಲ್ಲಿ ಅದೇ ನಾರಿನ ಮೇಲೆ ಜನರ ಹಣೆಬರಹ ಉರುಳುತ್ತಿತ್ತು.

ವಿಠಲಣ್ಣ ಒಬ್ಬೊಬ್ಬರನ್ನೇ ತೋರಿಸಿದರು. "ಅವ ನೋಡು, ಓಪನರ್. ವೀಸಾದಲ್ಲಿ ಪ್ಲಂಬರ್. ಹುಟ್ಟಿದ ಮೇಲೆ ಒಂದು ನಲ್ಲಿ ಬಿಚ್ಚಿದವನಲ್ಲ. ಆ ಕೀಪರ್ ಉಂಟಲ್ಲ, ಅವ ಅಡುಗೆಯವ. ಒಂದು ಚಾ ಮಾಡ್ಲಿಕ್ಕೆ ಹೇಳು ನೋಡುವಾ!"

ಇಲ್ಲಿಯ ಕಂಪನಿಗಳೆಲ್ಲ ಒಂದೊಂದು ಕ್ರಿಕೆಟ್ ತಂಡ ಸಾಕುತ್ತಿದ್ದವು. ಊರಿನ ಮೈದಾನಗಳಲ್ಲಿ ಯಾರಾದರೂ ಚೆನ್ನಾಗಿ ಆಡುತ್ತಾರೆಂದು ಸುದ್ದಿ ಬಂದರೆ ಸಾಕು, ಆಗ ಯಾವ ಕೆಲಸದ ವೀಸಾ ಖಾಲಿ ಇದೆಯೋ ಅದರಲ್ಲಿ ಕರೆಸಿಕೊಳ್ಳುತ್ತಿದ್ದರು. ಎ ಟೀಮಿನವರು ದೊಡ್ಡ ಲೀಗಿನಲ್ಲಿ ಆಡುವವರು. ಅವರಿಗೆ ಮೇಜು, ಕುರ್ಚಿ, ಕೆಲವರಿಗೆ ಕಾರು. ಬಿ ಟೀಮಿನವರು ಗೋದಾಮಿನಲ್ಲಿ ಮೂಟೆ ಎಣಿಸುತ್ತ ಮೇಲಿನ ಕರೆಗೆ ಕಾಯುವವರು. ನಾನು ಬಿ ಟೀಮನ್ನೇ ಹಚ್ಚಿಕೊಂಡೆ. ರೂವಿಯಲ್ಲಿ ಕಂಪನಿ ಕೊಟ್ಟ ಕೋಣೆಯಲ್ಲಿ ಮಂಚಕ್ಕೆ ಮಂಚ ತಾಗಿಸಿ ಮಲಗಿ, ಏಸಿಯ ಗೊರಗೊರ ಕೇಳುತ್ತ, ಮಾಳಿಗೆಯ ಟಾಂಕಿಯಿಂದ ಕುದಿಕುದಿ ಬರುವ ನೀರಿಗೆ ಮೈಯೊಡ್ಡುವವನಿಗೆ ಏರಿದವರ ಸುದ್ದಿ ಎಂತಕ್ಕೆ? ಏರಬಹುದಾದವರ ಸುದ್ದಿ ಬೇಕಿತ್ತು. ಯಾರ ಬೌಲಿಂಗ್ ಪಳಗಿತು, ಯಾರನ್ನು ಯಾವ ಕಂಪನಿ ಕೇಳುತ್ತಿದೆ, ಯಾರ ಬದಲಿಗೆ ಯಾರು ಬರುತ್ತಾರೆ ಎಂದು ವಾರವಿಡೀ ಮಾತಾಡಿಕೊಳ್ಳುತ್ತಿದ್ದೆವು. ಮನೆಯ ಮಾತು ಎತ್ತಿದರೆ ಯಾರಾದರೊಬ್ಬರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಕ್ರಿಕೆಟಿನ ಮಾತಿಗೆ ಎಲ್ಲರೂ ಎದ್ದು ಕೂರುತ್ತಿದ್ದರು.

ಮತ್ರಾ ಬಂದರಿನ ಮೀನುಕಟ್ಟೆಯಲ್ಲಿ ಒಂದು ದಿನ ಬಂಗುಡೆ ಕಂಡೆ. ನಮ್ಮೂರಿನದೇ ಸಮುದ್ರದ ಮೀನು, ಈಚೆ ದಡದಲ್ಲಿ ಬಲೆಗೆ ಬಿದ್ದದ್ದು. ಸಾರು ಮಾಡಿದೆವು, ರುಚಿ ಮಾತ್ರ ಬರಲಿಲ್ಲ. ಹೆಂಡತಿ ಸುಮತಿ ಬಂದ ಮೇಲೆಯೇ ಅದು ಬಂದದ್ದು. ನನ್ನ ವೀಸಾದಲ್ಲಿ ಗುಮಾಸ್ತ ಎಂದು ಬರೆದಿತ್ತು. ಗುಮಾಸ್ತನಿಗೆ ಸಂಸಾರ ಕರೆಸಿಕೊಳ್ಳುವ ಅನುಮತಿಯುಂಟು. ಕೂಲಿ, ಸಹಾಯಕ ಎಂದು ಬರೆದವರಿಗೆ ಇಲ್ಲ. ಆ ಒಂದು ಪದದ ಬಲದ ಮೇಲೆ ನಾವು ಅಲ್ ಗುಬ್ರಾದಲ್ಲಿ ಎರಡು ಕೋಣೆಯ ಫ್ಲ್ಯಾಟು ಹಿಡಿದೆವು. ಸಮುದ್ರದ ನೀರನ್ನು ಸಿಹಿಮಾಡುವ ಕಾರ್ಖಾನೆಯ ಹೊಗೆಗೊಳವೆಗಳು ನಮ್ಮ ಕಿಟಕಿಗೆ ಕಾಣುತ್ತಿದ್ದವು. ಊರಿನ ಬಾವಿಯ ನೀರನ್ನು ಹೊಗಳುತ್ತ ಆ ನೀರನ್ನೇ ಕುಡಿಯುತ್ತಿದ್ದೆವು.

ಪಡುಬಿದ್ರಿಯ ಸದಾನಂದ ಬಂದದ್ದು ತೊಂಬತ್ತರ ದಶಕ ಶುರುವಾದ ಹೊತ್ತಿಗೆ. ಸಣಕಲು ಆಳು, ಮಾತು ಕಡಿಮೆ, ಎಡಗೈ ಸ್ಪಿನ್ನರ್. ವೀಸಾದಲ್ಲಿ ಗೋದಾಮಿನ ಸಹಾಯಕ. ಮೊದಲ ಆಟದಲ್ಲೇ ಅವನ ಚೆಂಡು ಚಾಪೆಗೆ ಬಿದ್ದು, ಒಂದು ಗಳಿಗೆ ಯೋಚಿಸಿದಂತೆ ನಿಂತು, ಬ್ಯಾಟಿನ ಹೊರಗಿನಿಂದ ನುಸುಳಿ ಸ್ಟಂಪಿಗೆ ತಾಗಿತು. ವಿಠಲಣ್ಣ ನನ್ನ ತೊಡೆಗೆ ಹೊಡೆದರು. "ಕಂಡ್ಯಾ? ಇಂಥದ್ದನ್ನು ನೋಡ್ಲಿಕ್ಕೆ ಮಾರಾಯ ನಾನು ಈ ಬಿಸಿಲಲ್ಲಿ ಕೂತದ್ದು ಇಷ್ಟು ವರ್ಷ!"

ಸದಾನಂದನ ಹೆಂಡತಿ ಮೋಹಿನಿ, ಪುಟ್ಟ ಮಗಳೊಂದಿಗೆ ತನ್ನ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆಗೆ ಅದು ಭಾರವಾಗಿತ್ತು. ಮಗುವಿಗೆ ಕೊಡುವ ಹಾಲಿಗೂ ಒಂದು ಮಾತು ಬೆರೆಸುತ್ತಿದ್ದಳಂತೆ. ಸದಾನಂದ ವಾರಕ್ಕೊಮ್ಮೆ ರೂವಿಯ ಟೆಲಿಫೋನ್ ಬೂತಿನಿಂದ ಆ ಮನೆಯ ಪಕ್ಕದ ಅಂಗಡಿಗೆ ಫೋನು ಮಾಡಿ ಬರುತ್ತಿದ್ದ. ಒಂದು ಸಲ ಬಂದವನೇ ನಮ್ಮ ಮನೆಯ ಸೋಫಾದಲ್ಲಿ ಕೂತು ಹೇಳಿದ: "ಅಣ್ಣ, ಇವಳ ಅತ್ತಿಗೆ ಈ ಮಳೆಗಾಲ ಕಳೆದ ಮೇಲೆ ಇನ್ನು ಇಟ್ಕೊಳ್ಳಿಕ್ಕೆ ಆಗುದಿಲ್ಲ ಅಂತ ಹೇಳಿದ್ರಂತೆ. ಇವಳು ಎಲ್ಲಿಗೆ ಹೋಗುದು?"

ದಾರಿಯೊಂದು ತಾನಾಗಿ ತೆರೆಯಿತು. ರೂವಿಯದೇ ಇನ್ನೊಂದು ಕಂಪನಿಯ ತಂಡದವರು ಸದಾನಂದನನ್ನು ಕೇಳಿದರು. ಅವರಿಗೆ ಎಡಗೈ ಸ್ಪಿನ್ನರ್ ಬೇಕಿತ್ತು. ನಮ್ಮ ಎ ಟೀಮಿಗೆ ಬೇಕಾಗಿದ್ದ ಪಂಜಾಬಿನ ವೇಗದ ಬೌಲರ್ ಅವರಲ್ಲಿದ್ದ. ಬದಲಿಗೆ ಬದಲು. ಸದಾನಂದನಿಗೆ ಅಲ್ಲಿ ಗುಮಾಸ್ತನ ವೀಸಾ ಕೊಡುತ್ತೇವೆಂದರು. ಅಂದರೆ ಮೋಹಿನಿ, ಮಗು ಇಬ್ಬರೂ ಬರಬಹುದು.

ನಮ್ಮ ಕಚೇರಿಗೆ ಯಂತ್ರಗಳ ಕೆಲಸಕ್ಕೆಂದು ಬಂದಿದ್ದ ಅಮೆರಿಕದ ಇಂಜಿನಿಯರ್ ಒಬ್ಬನಿದ್ದ. ಅವನ ಊರಲ್ಲಿ ಬೇಸ್‌ಬಾಲ್ ಎಂಬ ಆಟ. ಅದರಲ್ಲೂ ದೊಡ್ಡ ತಂಡದ ಕೆಳಗೆ ಚಿಕ್ಕ ತಂಡಗಳು, ಆ ತಂಡಗಳಲ್ಲಿ ಬೆಳೆಯುವ ಹುಡುಗರು, ತಂಡದಿಂದ ತಂಡಕ್ಕೆ ವಿನಿಮಯ. ತಡವಾಗಿ ಬರುವ ತನ್ನೂರ ಪತ್ರಿಕೆಯಲ್ಲಿ ಅವನು ಮೊದಲು ಹುಡುಕುತ್ತಿದ್ದುದು ಆ ಚಿಕ್ಕ ತಂಡಗಳ ಸುದ್ದಿಯನ್ನೇ. ನಮ್ಮಿಬ್ಬರ ಹುಚ್ಚು ಒಂದೇ ಜಾತಿಯದು. "ನಮ್ಮಲ್ಲಿ ಆಟಗಾರನನ್ನು ಯಾರೂ ಕೇಳುವುದಿಲ್ಲ, ಫೋನು ಬರುತ್ತದೆ, ಪೆಟ್ಟಿಗೆ ಕಟ್ಟಬೇಕು ಅಷ್ಟೆ," ಎಂದ, ಸದಾನಂದನ ವಿಷಯ ಕೇಳಿ.

"ಹೆಂಡತಿ ಮಕ್ಕಳು?" ಎಂದು ಕೇಳಿದೆ.

"ಅವರು ಹಿಂದಿನಿಂದ ಬರುತ್ತಾರೆ," ಎಂದ, ಅದೇನು ದೊಡ್ಡ ವಿಷಯ ಎನ್ನುವಂತೆ.

ನಮ್ಮ ಕಡೆ ಉಳಿದದ್ದು ಕಫೀಲರ ಒಪ್ಪಿಗೆ. ಕಫೀಲ್ ಎಂದರೆ ಯಾರ ಹೊಣೆಯ ಮೇಲೆ ಪರದೇಶಿಯೊಬ್ಬ ಈ ನೆಲದಲ್ಲಿ ಕಾಲೂರಿರುತ್ತಾನೋ ಆ ಸ್ಥಳೀಯ ಯಜಮಾನ. ಅವರು ರಿಲೀಸ್ ಕೊಡಬೇಕು, 'ಇವನು ಬೇರೆಡೆ ಹೋಗಲಿ, ನನ್ನ ತಕರಾರಿಲ್ಲ' ಎಂದು ರುಜು ಹಾಕಬೇಕು. ಇಲ್ಲವಾದರೆ ಊರಿಗೆ ಹೋಗಬೇಕು. ಹೋದರೆ ಹೊಸ ವೀಸಾಕ್ಕೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಕಫೀಲರು ಒಳ್ಳೆಯ ಮನುಷ್ಯರು. ಕಂಡಾಗಲೆಲ್ಲ ಮನೆಯವರ ಕ್ಷೇಮ ಕೇಳಿ, ಖರ್ಜೂರ ಮುಂದಿಟ್ಟು, ಕಹವಾ ಎಂಬ ಏಲಕ್ಕಿ ಹಾಕಿದ ಕಹಿ ಕಾಫಿ ಕುಡಿಸುವವರು. ವಿಠಲಣ್ಣ ಕೇಳಿದಾಗ ಅವರು ನಕ್ಕು, "ಗೋದಾಮಿನ ಹುಡುಗನಾ? ಹೋಗಲಿ ಬಿಡು. ಬುಕ್ರಾ," ಎಂದರು. ಬುಕ್ರಾ ಎಂದರೆ ನಾಳೆ. ಅರಬ್ಬಿಯಲ್ಲಿ ನಮಗೆ ಮೊದಲು ಅರ್ಥವಾಗುವ ಪದ, ಕೊನೆಯವರೆಗೂ ಅರ್ಥವಾಗದೆ ಉಳಿಯುವ ಪದ.

ಆದರೂ ಆ ಬುಕ್ರಾ ಈ ಸಲ ನಿಜವಾಗುವಂತಿತ್ತು. ಸುಮತಿ ಆಗಲೇ ಎರಡು ಪಾತ್ರೆ, ಒಂದು ಹಾಸಿಗೆ ಮೋಹಿನಿಗೆಂದು ಎತ್ತಿಟ್ಟಿದ್ದಳು.

ಅಷ್ಟರಲ್ಲಿ ಕಪ್ಪಿನ ಫೈನಲ್ ಬಂತು. ನಮ್ಮ ಎ ಟೀಮಿಗೆ ಎದುರಾಳಿ ಅದೇ ಕಂಪನಿ, ಸದಾನಂದನನ್ನು ಕೇಳಿದ್ದ ಕಂಪನಿ. ಹಿಂದಿನ ದಿನ ನಮ್ಮ ಸ್ಪಿನ್ನರನ ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿತು. ಕ್ಯಾಪ್ಟನ್ ಸದಾನಂದನನ್ನು ಮೇಲಕ್ಕೆ ಕರೆದ. ಬಹುಮಾನ ಕೊಡುವುದಕ್ಕೆ ಕಫೀಲರೇ ಬರುತ್ತಾರೆಂದು ಸುದ್ದಿಯಾಯಿತು. ಅದುವರೆಗೆ ಅವರು ಒಂದು ಆಟವನ್ನೂ ನೋಡಿದವರಲ್ಲ.

ವಿಠಲಣ್ಣ ಸದಾನಂದನನ್ನು ಕಾರಿನ ಮರೆಗೆ ಕರೆದರು. ನಾನೂ ಇದ್ದೆ. "ನೋಡಾ ಸದಾ, ಇವತ್ತು ಜೋರು ಮಾಡ್ಬೇಡ. ಸುಮ್ಮನೆ ಕೈ ತಿರುಗ್ಸು, ಹೊಡೆಸ್ಕೊ, ಬಾ. ಆ ಕಂಪನಿಯವರು ನಿನ್ನ ಆಟ ಮೊದಲೇ ಕಂಡಿದ್ದಾರೆ. ಕಫೀಲರ ಕಣ್ಣಿಗೆ ಬಿದ್ದೆ ಅಂದ್ರೆ ಅವರು ಬಿಡ್ಲಿಕ್ಕಿಲ್ಲ, ಕೆಲಸ ಕೆಟ್ಟಿತು. ಗೊತ್ತಾಯ್ತಾ?"

"ಗೊತ್ತಾಯ್ತು ವಿಠಲಣ್ಣ."

"ಮೋಹಿನಿಯ ಮುಖ ನೆನಪಿಟ್ಕೊ."

"ಹೂಂ."

ಶಾಮಿಯಾನದ ಕೆಳಗೆ ಕಫೀಲರು, ಅವರ ಬಿಳಿ ನಿಲುವಂಗಿಯ ಗೆಳೆಯರು. ಆಚೆ ನಾವು, ಫ್ಲಾಸ್ಕು, ಗೋಳಿಬಜೆಯ ಡಬ್ಬ. ಸದಾನಂದನ ಕೈಗೆ ಚೆಂಡು ಬಂತು. ಮೊದಲ ಚೆಂಡು ಹಾಲುಗಲ್ಲದ ಮಕ್ಕಳಿಗೆ ಹಾಕುವಂಥದ್ದು, ನಾಲ್ಕು ರನ್. ಎರಡನೆಯದೂ ಹಾಗೇ. ಮೂರನೆಯದನ್ನು ಅವರ ಕ್ಯಾಪ್ಟನ್ ವಾದಿಯ ಕಲ್ಲುಗಳ ನಡುವೆ ಎತ್ತಿ ಹಾಕಿ, ತನ್ನ ಜೊತೆಗಾರನ ಕಡೆ ತಿರುಗಿ ಏನೋ ಹೇಳಿ ನಕ್ಕ. 'ಇವನಿಗಾಗಿಯಾ ನಾವು ಬೌಲರನ್ನು ಕೊಡುವುದು' ಎಂದಿರಬೇಕು. ವಿಠಲಣ್ಣ ಕಣ್ಣು ಮುಚ್ಚಿ, "ಬದುಕಿದೆವು," ಎಂದರು.

ನಾಲ್ಕನೆಯ ಚೆಂಡು ಚಾಪೆಗೆ ಬಿದ್ದು ಯೋಚಿಸಿತು. ಕ್ಯಾಪ್ಟನ್‌ನ ಸ್ಟಂಪು ಮಲಗಿತು.

ಆಮೇಲೆ ನಡೆದದ್ದನ್ನು ನಾನು ಇಂದಿಗೂ ಕಣ್ಣಿಗೆ ಕಟ್ಟಿದಂತೆ ನೋಡಬಲ್ಲೆ. ಬ್ಯಾಟ್ ಹಿಡಿದು ಬಂದವರು ಬಂದಂತೆ ಹೋದರು. ಆ ಬೋಳು ಬೆಟ್ಟಗಳ ನಡುವೆ ಒಬ್ಬ ಗೋದಾಮಿನ ಹುಡುಗ ತನ್ನ ಎಡಗೈಯಿಂದ ಅಷ್ಟು ಚೆಂದದ ಕೆಲಸ ಮಾಡುತ್ತಿದ್ದರೆ ಕೂತಿರಲು ಯಾರಿಗಾದೀತು? ನಾವು ಎದ್ದೆವು. ಕೂಗಿದೆವು. ವಿಠಲಣ್ಣ ತಲೆಯ ಟೊಪ್ಪಿ ತೆಗೆದು ಬೀಸಿದರು. ಅವರ ಕಣ್ಣಲ್ಲಿ ನೀರಿತ್ತು. ಸುಮತಿಗೆ ಕ್ರಿಕೆಟ್ ಬಾರದು. ಅವಳೊಬ್ಬಳೇ ಕೂತಲ್ಲೇ ಕೂತು ನನ್ನ ಅಂಗಿ ಜಗ್ಗಿದಳು: "ನೀವೆಲ್ಲ ಯಾಕೆ ಚಪ್ಪಾಳೆ ಹೊಡಿತಾ ಇದ್ದೀರಿ?"

ಅಷ್ಟರಲ್ಲಿ ಶಾಮಿಯಾನದ ಕೆಳಗೂ ಚಪ್ಪಾಳೆ ಎದ್ದಿತ್ತು. ಕಫೀಲರ ಗೆಳೆಯರು ಅವರ ಬೆನ್ನು ತಟ್ಟುತ್ತಿದ್ದರು. ಗೆದ್ದ ನಮಗೆ ಕಪ್ಪು ಕೊಡುವಾಗ ಕಫೀಲರು ಸದಾನಂದನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, "ವಾಜಿದ್ ಜೇನ್, ವಾಜಿದ್ ಜೇನ್," ಎಂದರು. ಬಹಳ ಒಳ್ಳೆಯದು, ಬಹಳ ಒಳ್ಳೆಯದು. ಆಮೇಲೆ ವಿಠಲಣ್ಣನ ಕಡೆ ತಿರುಗಿ ಗದರಿದಂತೆ ನಕ್ಕರು: "ಇವನನ್ನಾ ನೀನು ಕಳಿಸು ಎಂದದ್ದು? ನಿನಗೆ ಬುದ್ಧಿ ಇದೆಯಾ? ಖಲಾಸ್. ಇವನು ನಮ್ಮವನು."

ಖಲಾಸ್ ಎಂದರೆ ಮುಗಿಯಿತು.

ವಿಠಲಣ್ಣ ಮರುದಿನ ಹೋದರು, ಮರುವಾರ ಹೋದರು. ಗುಮಾಸ್ತನ ವೀಸಾವನ್ನಾದರೂ ನೀವೇ ಕೊಡಿ ಎಂದು ಬೇಡಿದರು. ಕಫೀಲರು ಕಹವಾ ಕುಡಿಸಿ, ಮನೆಯವರ ಕ್ಷೇಮ ಕೇಳಿ, "ಬುಕ್ರಾ," ಎಂದರು. ಪಂಜಾಬಿನ ಬೌಲರ್ ಬೇರೆ ಯಾವುದೋ ಮೂರನೆಯ ಕಂಪನಿಗೆ ಹೋದ. ಮಳೆಗಾಲ ಕಳೆಯಿತು. ಮೋಹಿನಿ ಮಗುವನ್ನು ಕರೆದುಕೊಂಡು ಕಾಪುವಿನಲ್ಲಿ ಯಾರದೋ ಮನೆಯ ಹಿಂದಿನ ಚಾವಡಿಯನ್ನು ಬಾಡಿಗೆಗೆ ಹಿಡಿದು ಬೀಡಿ ಕಟ್ಟತೊಡಗಿದಳು.

ನಾನು ಸದಾನಂದನನ್ನು ಒಮ್ಮೆ ಮಾತ್ರ ಕೇಳಿದೆ. ಗೋದಾಮಿನ ಬಾಗಿಲಲ್ಲಿ ಖುಬ್ಸ್ ಎಂಬ ಇಲ್ಲಿಯ ರೊಟ್ಟಿ ಮುರಿಯುತ್ತ ಕೂತಿದ್ದ. "ಯಾಕೆ ಹಾಗೆ ಮಾಡಿದೆ ಮಾರಾಯ?"

ಮುರಿದ ತುಂಡನ್ನು ಕೆಳಗಿಟ್ಟ. "ಮೂರು ಬಾಲ್ ಹಾಳು ಮಾಡಿ ಹಾಕಿದೆ ಅಲ್ವಾ ಅಣ್ಣ? ನಾಲ್ಕನೆಯದಕ್ಕೆ ನಾಚಿಕೆ ಆಯ್ತು."

ಅವನೀಗ ಎ ಟೀಮಿನ ಖಾಯಂ ಬೌಲರ್. ವೀಸಾದಲ್ಲಿ ಗೋದಾಮಿನ ಸಹಾಯಕನೇ. ವರುಷಗಳು ಹೋದವು, ಕೂದಲು ಹಿಂದೆ ಸರಿಯಿತು, ಕೈ ಮಾತ್ರ ಹಾಗೇ ಇದೆ. ಶುಕ್ರವಾರ ಚೆನ್ನಾಗಿ ಆಡಿದಷ್ಟೂ ಶನಿವಾರ ಅವನ ಮುಖ ನೋಡುವುದು ಕಷ್ಟ.

ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಅವನು ಕೊಟ್ಟ ಟಾಲ್ಕಂ ಪೌಡರು, ಮಗಳ ಬಟ್ಟೆ ಹಿಡಿದುಕೊಂಡು ಕಾಪುವಿಗೆ ಹೋಗಿದ್ದೆ. ಮಗಳು ಶಾಲೆಗೆ ಹೋಗಿದ್ದಳು. ಮೋಹಿನಿ ತಡ್ಪೆ ಎಂಬ ಬೀಡಿಯ ಮೊರವನ್ನು ಬದಿಗಿಟ್ಟು ಚಾ ತಂದಳು. ಲೋಟ ಕೈಗಿಡುತ್ತ ಕೇಳಿದಳು: "ಇವರು ಆಡುದನ್ನು ನಾನು ನೋಡಿಯೇ ಇಲ್ಲ ಅಣ್ಣ. ನಿಜವಾಗಿ ಅಷ್ಟು ಒಳ್ಳೆ ಆಡ್ತಾರಾ?"

"ತುಂಬಾ ಒಳ್ಳೆ ಆಡ್ತಾನಮ್ಮ," ಎಂದೆ.

"ಹಾಗಾದ್ರೆ ಅಲ್ಲಿಯವರು ಇವರನ್ನು ಬಿಡ್ಲಿಕ್ಕಿಲ್ಲ." ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಹೋಗಿ ಹೇಳ್ತೀರಾ ಅಲ್ಲಿ, ಇವರ ಕೈ ನೋವುಂಟು, ಇನ್ನು ಆಡ್ಲಿಕ್ಕಾಗುದಿಲ್ಲ ಅಂತ? ಕೈಲಾಗದವರನ್ನಾದ್ರೂ ಬಿಡ್ಬಹುದಲ್ಲ? ನಾನೂ ಪತ್ರದಲ್ಲಿ ಹಾಗೇ ಬರಿತೇನೆ ಇವರಿಗೆ."

ಹೊರಗೆ ನಮ್ಮೂರ ಬಿಸಿಲು. ನಾನು ಹುಟ್ಟಿ ಬೆಳೆದ ಮಾತು ಬೇಲಿಯಾಚೆ ಯಾರೋ ಆಡುತ್ತಿದ್ದರು. "ಹೇಳ್ತೇನಮ್ಮ," ಎಂದು ನಾನು ತಲೆಯಾಡಿಸಿದೆ. ಆ ಹೆಣ್ಣುಮಗಳ ಎದುರಿಗೆ, ಅವಳು ಕೊಟ್ಟ ಚಾ ಕೈಯಲ್ಲಿರುವಾಗಲೇ, ಸದಾನಂದ ಇಲ್ಲದಿದ್ದರೆ ಮುಂದಿನ ಶುಕ್ರವಾರ ವಾದಿಯ ಬದಿಯ ತುದಿಯಿಂದ ನಮಗೆ ಯಾರು ಬೌಲ್ ಮಾಡುತ್ತಾರೆ ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.