ತೆಳು ಪುಸ್ತಕದ ಬಾಯಾರು

ಅವರ ಕೆಳತುಟಿಯ ಎಡಬದಿಗೆ ಸದಾ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಕುಂಕುಮವಲ್ಲ, ಎಲೆ ಅಡಿಕೆಯ ಕಲೆಯೂ ಅಲ್ಲ. ಉತ್ತರಪತ್ರಿಕೆ ತಿದ್ದುವಾಗ ಅಂಕ ಕೊಡಲೋ ಬೇಡವೋ ಎಂದು ಮನಸ್ಸು ಹೊಯ್ದಾಡಿದರೆ ಅವರು ಕೆಂಪು ಪೆನ್ನಿನ ತುದಿಯನ್ನು ತುಟಿಗೆ ಆನಿಸಿಕೊಂಡು ಕೂಡುತ್ತಿದ್ದರು. ಸಂಜೆಗೆ ಚುಕ್ಕೆ ದೊಡ್ಡದಾಗಿದ್ದರೆ, ಯಾರೋ ಒಬ್ಬರನ್ನು ಪಾಸು ಮಾಡಲು ಅವರು ಬಹಳ ಹೊತ್ತು ಒದ್ದಾಡಿದ್ದಾರೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. ನನ್ನ ಪತ್ರಿಕೆ ಅವರ ತುಟಿಯನ್ನು ಎಂದೂ ಕೆಂಪು ಮಾಡಲಿಲ್ಲ. ಸರಸರನೆ ಸರಿ ಗುರುತು ಹಾಕಿ ಪಕ್ಕಕ್ಕಿಟ್ಟುಬಿಡುತ್ತಿದ್ದರು. ಅದೇ ನನ್ನ ಸಂಕಟವಾಗಿತ್ತು.

ಪುಣೆಯ ಶಿವಾಜಿನಗರದ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ಗದಗಿನ ಕಡೆಯಿಂದ ಮದುವೆಯಾಗಿ ಬಂದವರು. ಬೇಗ ಗಂಡನನ್ನು ಕಳೆದುಕೊಂಡು ಪೇಟೆಯಲ್ಲಿ ಹಲವು ಬಿಡಾರಗಳ ಹಳೆಯ ವಾಡೆಯೊಂದರ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ ನಾವು ಅವರನ್ನು ಬಾಯಾರು ಎನ್ನುತ್ತಿದ್ದೆವು. ಕುಳ್ಳಗಿದ್ದರು. ಹಲಗೆಯ ಮೇಲೆ ತಾರೀಖು ಬರೆಯಬೇಕಾದರೆ ಹಿಮ್ಮಡಿ ಎತ್ತಬೇಕಾಗುತ್ತಿತ್ತು. ಚೀಲದಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಸರಿ ಉತ್ತರ ಹೇಳಿದವರಿಗೆ ಒಂದು ಕಾಳು, ಧೈರ್ಯ ಮಾಡಿ ತಪ್ಪು ಉತ್ತರ ಹೇಳಿದವರಿಗೆ ಎರಡು.

ಎಂಟನೇ ಇಯತ್ತೆ ಮುಗಿದ ಮೇಲೆ ಇಂಗ್ಲಿಷಿನಲ್ಲಿ ನಮ್ಮನ್ನು ಎರಡು ಪಾಲು ಮಾಡುತ್ತಿದ್ದರು. ಮುಂದೆ ಕಾಲೇಜು, ಬ್ಯಾಂಕು, ಕಚೇರಿ ಎಂದು ಕನಸು ಕಾಣುವ ಮೂವತ್ತು ಮಂದಿಗೆ ಪ್ರಬಂಧ, ಪದ್ಯ, ವ್ಯಾಕರಣ ತುಂಬಿದ ದಪ್ಪ ಪುಸ್ತಕ. ಉಳಿದವರಿಗೆ, ಅಂದರೆ ಹತ್ತನೆಯದು ಪಾಸಾದರೆ ಸಾಕು, ಅಂಗಡಿಗೋ ಗ್ಯಾರೇಜಿಗೋ ಹೋಗುತ್ತೇವೆ ಎನ್ನುವವರಿಗೆ, ತೆಳು ಪುಸ್ತಕ. ಸರಕಾರಿ ಕಾಗದದಲ್ಲಿ ಅವಕ್ಕೆ ಬೇರೆ ಹೆಸರುಗಳಿದ್ದವು. ನಮ್ಮ ಬಾಯಲ್ಲಿ ಮಾತ್ರ ದಪ್ಪ ಪುಸ್ತಕದವರು, ತೆಳು ಪುಸ್ತಕದವರು. ನನ್ನ ಅಪ್ಪ ರವಿವಾರ ಪೇಟೆಯ ಜವಳಿ ಅಂಗಡಿಯಲ್ಲಿ ಗುಮಾಸ್ತರು, ಬಾಗಲಕೋಟೆಯವರು. ಮಗಳಿಗೆ ದಪ್ಪ ಪುಸ್ತಕ ಸಿಕ್ಕ ದಿನ ಅದಕ್ಕೆ ಹೊದಿಕೆ ಹಾಕಿ, ಬಂದವರಿಗೆಲ್ಲ ಎತ್ತಿ ತೋರಿಸಿದ್ದರು.

ಎರಡೂ ಪಾಲಿಗೆ ಕಲಿಸುವವರು ಬಾಯಾರೇ. ನಮಗೆ ಅವರು ಶಿಸ್ತಿನಿಂದ ಕಲಿಸುತ್ತಿದ್ದರು. ಪಾಠ, ಪ್ರಶ್ನೆ, ಉತ್ತರ, ಗಂಟೆ. ತೆಳು ಪುಸ್ತಕದವರ ತಾಸಿನಲ್ಲಿ ನಾವು ಪಕ್ಕದ ಕೋಣೆಯಲ್ಲಿ ಸುಮ್ಮನೆ ಓದಿಕೊಳ್ಳಬೇಕಿತ್ತು. ನಡುವೆ ಹಲಗೆಯ ಗೋಡೆ. ಆ ಕಡೆಯಿಂದ ನಗು ಬರುತ್ತಿತ್ತು. ಬಾಯಾರ ನಗು. ನಮ್ಮ ತರಗತಿಯಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಅಲ್ಲಿ ಅವರು ಪುಸ್ತಕವನ್ನೇ ತೆರೆಯುವುದಿಲ್ಲ ಎಂದು ಗೊತ್ತಾಯಿತು. ಔಷಧಿ ಬಾಟಲಿಗಳು, ರೈಲಿನ ರಿಸರ್ವೇಶನ್ ಫಾರಂ, ಮದುವೆ ಕಾಗದ, ಎಲ್ಲವನ್ನೂ ತಂದು ಓದಿಸುತ್ತಾರಂತೆ. ಹಳೆ ಸಾಮಾನಿನ ಪೇಟೆಯಿಂದ ಒಂದು ಕೆಟ್ಟ ಟೆಲಿಫೋನ್ ಕೊಂಡು ತಂದು, ಒಬ್ಬೊಬ್ಬರ ಕೈಗೂ ಕೊಟ್ಟು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರಂತೆ. ಒಂದು ದಿನ ಎಲ್ಲರನ್ನೂ ಶಿವಾಜಿನಗರ ಸ್ಟೇಶನ್ನಿಗೆ ಕರೆದುಕೊಂಡು ಹೋಗಿ ಬೋರ್ಡುಗಳನ್ನು ಓದಿಸಿಕೊಂಡು ಬಂದರು. ನಾವು ಆ ಹೊತ್ತಿಗೆ ಕರ್ಮಣಿ ಪ್ರಯೋಗ ಬರೆಯುತ್ತ ಕೂತಿದ್ದೆವು. ನಮ್ಮವನೊಬ್ಬ ಹಾಗೇಕೆ ಎಂದು ಕೇಳಿಯೇಬಿಟ್ಟ. ಬಾಯಾರು ಹೇಳಿದರು: "ಇಂಗ್ಲಿಷ್ ಅಂದ್ರ ಚಪ್ಪಲ್ ಇದ್ದಂಗಪಾ. ಯಾರ ಕಾಲಿಗೆ ಯಾವ ಅಳತಿದು ಬೇಕೋ ಅದನ್ನ ಕೊಡಬೇಕು. ಸಣ್ಣದಾದ್ರ ಕಚ್ಚತದ, ದೊಡ್ಡದಾದ್ರ ಎಡವಸತದ."

ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಶರಣಮ್ಮನ ಮೇಲೆ. ತೆಳು ಪುಸ್ತಕದವಳು, ಶೋರಾಪುರದ ಕಡೆಯವಳು. ಅವಳ ತಾಯಿತಂದೆ ಪುಣೆಯ ಅಂಚಿನ ಖರಾಡಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದರು. ಆಗ ಅಲ್ಲಿ ಹೊಲಗಳ ನಡುವೆ ಒಂದೊಂದೇ ಕಟ್ಟಡ ಏಳುತ್ತಿತ್ತು. ತಗಡಿನ ಶೆಡ್ಡಿನಿಂದ ಎರಡು ಬಸ್ಸು ಬದಲಿಸಿ ಶಾಲೆಗೆ ಬರುತ್ತಿದ್ದಳು. ನಮಗಿಂತ ಎರಡು ವರ್ಷ ದೊಡ್ಡವಳು, ಗಟ್ಟಿ ದನಿಯವಳು. ಒಮ್ಮೆ ಅವರ ಶೆಡ್ಡಿನ ಪಕ್ಕದ ಮುದುಕರೊಬ್ಬರು ಕೆಮ್ಮಿನ ಔಷಧಿ ಎಂದುಕೊಂಡು ಬೇರೆ ಯಾವುದೋ ಬಾಟಲಿಯನ್ನು ಬಾಯಿಗೆ ಎತ್ತಿದ್ದರಂತೆ. ಶರಣಮ್ಮ ಕಸಿದುಕೊಂಡು ಅಕ್ಷರ ಕೂಡಿಸಿ ಓದಿದಳು. ಅದು ಮೈಗೆ ಮಾತ್ರ ಹಚ್ಚುವ ಎಣ್ಣೆ. ಬಾಯಾರು ಆ ಸುದ್ದಿಯನ್ನು ನಮ್ಮ ತರಗತಿಗೂ ತಂದು ಹೇಳಿ, "ನಿಮ್ಮೊಳಗ ಯಾರರೆ ಮನ್ಯಾಗಿನ ಬಾಟ್ಲಿ ಓದೀರೇನು?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಆ ಬಾಟಲಿಯ ಮೇಲಿನ ಪದಗಳಿಗೆ ವಿರುದ್ಧಪದ ಕೂಡ ನನಗೆ ಗೊತ್ತಿತ್ತು. ಆದರೆ ಅವರು ಅದನ್ನು ಕೇಳಲಿಲ್ಲ.

ಅವತ್ತು ತೆಳು ಪುಸ್ತಕಕ್ಕೆ ಹೋಗಬೇಕು ಎಂದು ನಿಶ್ಚಯಿಸಿದೆ. ದಾರಿ ಒಂದೇ ಇತ್ತು. ಒಂಬತ್ತನೆಯ ಇಯತ್ತೆಯ ಅರ್ಧ ವರ್ಷದ ಪರೀಕ್ಷೆಯಲ್ಲಿ ನಪಾಸಾದವರನ್ನು ದಪ್ಪದಿಂದ ತೆಳುವಿಗೆ ಇಳಿಸುತ್ತಿದ್ದರು. ತೆಳುವಿನಲ್ಲಿ ಮುಂದೆ ಬಂದವರಿಗೆ ಜಾಗ ಖಾಲಿಯಾದರೆ ಮೇಲಕ್ಕೆ ತರುತ್ತಿದ್ದರು. ಪರೀಕ್ಷೆಯ ದಿನ ನಾನು ಮೂರು ತಾಸು ಕೂತು, ಪ್ರತಿ ಉತ್ತರವನ್ನೂ ಮೊದಲು ಮನಸ್ಸಿನಲ್ಲಿ ಸರಿಯಾಗಿ ಬರೆದುಕೊಂಡು, ಆಮೇಲೆ ಕೆಡಿಸಿ ಕಾಗದದ ಮೇಲೆ ಇಳಿಸಿದೆ. ಅಷ್ಟು ಕಷ್ಟಪಟ್ಟು ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ಬಾಯಾರು ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ನನ್ನ ಪತ್ರಿಕೆ ಮೇಜಿನ ಮೇಲಿತ್ತು.

"ಇಷ್ಟು ಲೆಕ್ಕಾ ಹಚ್ಚಿ ತಪ್ಪು ಬರೀಬೇಕಂದ್ರ ಭಾಳ ಇಂಗ್ಲಿಷ್ ಬೇಕು" ಎಂದರು. "ಖರೇನ ಇಂಗ್ಲಿಷ್ ಬರಲಾರದವ್ರು ಹತ್ತರಾಗ ಮೂರರೆ ಸರಿ ಬರೀತಾರವ್ವಾ. ನೀ ಒಂದೂ ಬರ್ದಿಲ್ಲ."

ನಾನು ನೆಲ ನೋಡುತ್ತ ನಿಂತೆ. ಯಾಕೆ ಎಂದು ಕೇಳಿದರು. ನಿಮ್ಮ ನಗುವಿಗಾಗಿ ಎಂದು ಹೇಳುವುದು ಹೇಗೆ? ಅವರು ಪೆನ್ನನ್ನು ತುಟಿಗೆ ಆನಿಸಿಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದರು. ಕೊನೆಗೆ "ಆತು, ಸೋಮವಾರದಿಂದ ತೆಳು ಪುಸ್ತಕಕ್ಕ ಬಾ" ಎಂದರು.

ಸೋಮವಾರ ಕುಣಿಯುತ್ತ ಹೋದೆ. ಶರಣಮ್ಮನ ಜಾಗ ಖಾಲಿಯಿತ್ತು. ಕೇಳಿದರೆ, ಅವಳು ದಪ್ಪ ಪುಸ್ತಕಕ್ಕೆ ಹೋಗಿದ್ದಾಳೆ ಎಂದರು. ಕಿಟಕಿಯ ಪಕ್ಕದ ನನ್ನದೇ ಜಾಗದಲ್ಲಿ ಕೂತಿದ್ದಾಳಂತೆ. ನನಗೆ ಎಲ್ಲ ತಿಳಿಯಿತು ಅನಿಸಿತು. ನನ್ನ ಕಳ್ಳಾಟ ಬಾಯಾರಿಗೆ ಅನುಕೂಲವಾಗಿಯೇ ಬಂದಿತ್ತು. ತಮ್ಮ ಮೆಚ್ಚಿನವಳನ್ನು ಮೇಲೇರಿಸಲು ಅವರಿಗೆ ಒಂದು ಜಾಗ ಬೇಕಿತ್ತು, ನಾನೇ ಬಿಟ್ಟುಕೊಟ್ಟೆ. ಈಗ ಅವರು ದಪ್ಪ ಪುಸ್ತಕದವರಿಗೆ ಪದ್ಯ ಓದುವಾಗ ನಾನು ಹಲಗೆಯ ಗೋಡೆಗೆ ಕಿವಿ ಕೊಟ್ಟು ಕೂಡುತ್ತಿದ್ದೆ. ಶರಣಮ್ಮ ಗಟ್ಟಿ ದನಿಯಲ್ಲಿ ಏನೇನೋ ಕೇಳುತ್ತಿದ್ದಳು. ಬಾಯಾರು ನಗುತ್ತಿದ್ದರು. ನಾನು ಈಚೆಗೆ ಬಂದರೆ ನಗು ಆಚೆಗೆ ಹೋಗಿತ್ತು.

ಸುದ್ದಿ ಕೇಳಿ ಅಪ್ಪ ಅಂಗಡಿಗೆ ರಜೆ ಹಾಕಿ ಶಾಲೆಗೆ ಬಂದರು. ಮನೆಯಿಂದ ಹೊರಡುವಾಗ ಅವರ ಸಿಟ್ಟು ನೋಡಿ ನನಗೆ ಒಳಗೊಳಗೇ ಸಂತೋಷವಾಗಿತ್ತು. ಶರಣಮ್ಮ ಇಳಿಯಬಹುದು ಎಂದುಕೊಂಡಿದ್ದೆ. ಬಾಯಾರ ಜೊತೆ ಅರ್ಧ ತಾಸು ಮಾತಾಡಿ ಹೊರಗೆ ಬಂದ ಅಪ್ಪ ತಣ್ಣಗಾಗಿದ್ದರು. ಹತ್ತನೆಯದಕ್ಕೆ ನಿನ್ನ ಪುಸ್ತಕ ನಿನಗೇ ಬರುತ್ತದೆ, ಅಲ್ಲಿತನಕ ಬಾಯಾರು ಹೇಳಿದ ಹಾಗೆ ಇರು ಎಂದಷ್ಟೇ ಹೇಳಿದರು. ಒಳಗೆ ಏನು ಮಾತಾಯಿತೆಂದು ಅವರು ಕೊನೆಯವರೆಗೂ ನನಗೆ ಹೇಳಲಿಲ್ಲ.

ತೆಳು ಪುಸ್ತಕದಲ್ಲಿ ನಾನೇ ರಾಣಿಯಾಗುತ್ತೇನೆ ಎಂದುಕೊಂಡಿದ್ದೆ. ಎರಡನೆಯ ವಾರ ಟೆಲಿಫೋನ್ ನನ್ನ ಕೈಗೆ ಬಂತು. ದವಾಖಾನೆಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗೆ ಎದೆನೋವು, ಡಾಕ್ಟರು ಯಾವಾಗ ಸಿಗುತ್ತಾರೆ ಎಂದು ಕೇಳಬೇಕು. ವಾಕ್ಯಗಳು ಅಲ್ಪವಿರಾಮದ ಸಮೇತ ನನ್ನ ಕಣ್ಣ ಮುಂದೆ ನಿಂತಿದ್ದವು. ಬಾಯಿ ತೆರೆದರೆ ಒಂದೂ ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಗ್ಯಾರೇಜಿನ ಕೆಲಸಕ್ಕೆ ಹೋಗುತ್ತೇನೆನ್ನುವ ಹುಡುಗರು, ಕ್ರಿಯಾಪದ ಎಂದರೆ ಏನೆಂದು ತಿಳಿಯದವರು, ಆ ಫೋನಿನಲ್ಲಿ ಹರಕುಮುರುಕು ಇಂಗ್ಲಿಷಿನಲ್ಲೇ ಡಾಕ್ಟರನ್ನು ಮನೆಗೆ ಕರೆಸಿದ್ದರು. ಮೊದಲ ನಂಬರಿನ ನನಗೆ ಹಲೋ ಎನ್ನಲಾಗಲಿಲ್ಲ.

"ಅವಸರಿಲ್ಲ. ಆ ಕಡಿಯವ್ರು ಕಾಯ್ತಾರ" ಎಂದರು ಬಾಯಾರು. ತಂತಿಯಿಲ್ಲದ ಆ ಫೋನಿನ ಆ ಕಡೆ ಅವರೇ ಕೂತಿದ್ದರು, ಕಿವಿಗೆ ಅಂಗೈ ಹಿಡಿದು.

ಅವರು ಆರು ವಾರ ಕಾದರು. ಪ್ರತಿ ಗುರುವಾರ ಫೋನ್ ನನ್ನ ಕೈಗೆ ಬರುತ್ತಿತ್ತು. ಪ್ರತಿ ಗುರುವಾರ ನಾನು ಬೆವರಿ ಕೆಳಗಿಡುತ್ತಿದ್ದೆ. ಏಳನೆಯ ಗುರುವಾರ, ಯಾಕೆಂದು ಈಗಲೂ ಗೊತ್ತಿಲ್ಲ, ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಎರಡು ತಪ್ಪು ನುಸುಳಿದ್ದವು. ನಾಲಿಗೆ ಕಚ್ಚಿಕೊಂಡೆ. ಬಾಯಾರು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಶೇಂಗಾ ತೆಗೆದು ನನ್ನ ಮುಂದೆ ಸುರಿದರು.

"ಈಗ ನೋಡು, ಖರೇ ತಪ್ಪು ಮಾಡಿದಿ" ಎಂದು ನಕ್ಕರು. ಆ ನಗು ನನಗಾಗಿಯೇ ಇತ್ತು. ಆದರೆ ಹೊಟ್ಟೆಕಿಚ್ಚಿನವರಿಗೆ ಸಿಕ್ಕಿದ್ದು ಕಾಣುವುದಿಲ್ಲ. ಅದೇ ಮಧ್ಯಾಹ್ನ ಅವರು ಶರಣಮ್ಮನ ಹೆಗಲ ಮೇಲೆ ಕೈಯಿಟ್ಟು ನಡೆಯುವುದನ್ನು ನೋಡಿದೆ. ಬಾಯಲ್ಲಿದ್ದ ಶೇಂಗಾ ಕಹಿಯಾಯಿತು.

ಹತ್ತನೆಯದಕ್ಕೆ ನಾನು ಮತ್ತೆ ದಪ್ಪ ಪುಸ್ತಕಕ್ಕೆ ಬಂದೆ. ಶರಣಮ್ಮನೂ ಅಲ್ಲೇ ಉಳಿದಳು. ಇಬ್ಬರೂ ಪಾಸಾದೆವು. ಅವಳು ನರ್ಸಿಂಗ್ ಕಲಿಯಲು ಹೋದಳು, ನಾನು ಕಾಮರ್ಸ್ ಓದಿದೆ. ಎರಡು ಸಾವಿರದ ಈಚೆಗೆ ಪುಣೆಯದೇ ಮಗರಪಟ್ಟಾದ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ದಿನವಿಡೀ ಫೋನಿನಲ್ಲಿ ಪರದೇಶದ ಗಿರಾಕಿಗಳ ತಕರಾರು ಕೇಳಿ ಉತ್ತರ ಹೇಳುವ ಕೆಲಸ. ಅಂಕಪಟ್ಟಿಯಲ್ಲಿ ನನಗಿಂತ ಮುಂದಿದ್ದ ಅನೇಕರು ಸಂದರ್ಶನದಲ್ಲಿ ಬಾಯಿ ಕಟ್ಟಿ ಹಿಂದಿರುಗಿದ್ದರು. ನಾನು ನಡುವೆ ತಡವರಿಸಿದೆ, ತಪ್ಪು ಮಾಡಿದೆ, ನಿಲ್ಲಲಿಲ್ಲ.

ಮೊದಲ ಸಂಬಳದಲ್ಲಿ ಬಾಯಾರಿಗೊಂದು ಸೀರೆ ತೆಗೆದುಕೊಂಡು ಅವರ ವಾಡೆಗೆ ಹೋದೆ. ಆ ಹೊತ್ತಿಗೆ ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಬಾಗಿಲು ತೆರೆದವಳು ಶರಣಮ್ಮ. ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಬಾಯಾರಿಗೆ ಮರೆವು ಹಿಡಿದಿದೆ, ಮೊದಲು ಪದಗಳು ಹೋದವು, ಈಗ ಮನುಷ್ಯರು ಹೋಗುತ್ತಿದ್ದಾರೆ ಎಂದು ಹೇಳಿದಳು. ಹಗಲಿಗೆ ಒಬ್ಬ ಹೆಂಗಸನ್ನು ಇಟ್ಟಿದ್ದರು. ತನಗೆ ರಜೆ ಸಿಕ್ಕಾಗಲೆಲ್ಲ ಶರಣಮ್ಮ ಬಂದು ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ನಾನು ನೋಡುತ್ತಿದ್ದಂತೆ ಬಾಯಾರು ತಮ್ಮ ತಲೆಯನ್ನು ಅವಳ ಕೈಗೆ ಒರಗಿಸಿ ಕಣ್ಣು ಮುಚ್ಚಿದರು. ಸೀರೆಯ ಪೊಟ್ಟಣ ನನ್ನ ತೊಡೆಯ ಮೇಲೇ ಉಳಿಯಿತು. ಇಪ್ಪತ್ತೈದು ದಾಟಿದ ಹೆಂಗಸು ನಾನು. ಆ ಬಾಚಣಿಕೆಯ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಆಮೇಲೆ ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ, ಶರಣಮ್ಮ ಇರದ ಹೊತ್ತು ನೋಡಿಕೊಂಡು.

ಬಾಯಾರು ತೀರಿಕೊಂಡ ಸುದ್ದಿ ತಿಳಿಸಿದವಳೂ ಅವಳೇ. ಹದಿಮೂರನೆಯ ದಿನ ವಾಡೆಯ ಮೆಟ್ಟಿಲ ಮೇಲೆ ನಾವಿಬ್ಬರೇ ಕೂತಿದ್ದೆವು. ಅವರು ಕೊನೆಗೆ ಏನಾದರೂ ಹೇಳಿದರೇ, ನನ್ನ ಹೆಸರು ಎತ್ತಿದ್ದರೇ ಎಂದು ಕೇಳಿದೆ.

"ಸುಳ್ಳ್ಯಾಕ ಹೇಳಲಿ" ಎಂದಳು ಶರಣಮ್ಮ. "ಯಾರ ಹೆಸರೂ ನೆನಪಿದ್ದಿಲ್ಲ ಅವರಿಗೆ. ನಂದೂ ಇದ್ದಿಲ್ಲ. ನನಗ ಹೊಸಾ ನರ್ಸ್ ಅಂತಿದ್ರು."

ಆಗ ನನಗೆ ಏನಾಯಿತೋ, ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಹೇಳಿಬಿಟ್ಟೆ. ಬೇಕೆಂದೇ ನಪಾಸಾದದ್ದು, ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದ್ದು, ಆ ಖಾಲಿ ಜಾಗದಿಂದಲೇ ಅವಳು ಮೇಲೆ ಬಂದದ್ದು. ತಪ್ಪೊಪ್ಪಿಗೆಯ ಒಳಗೆ ಒಂದು ಆಸೆಯೂ ಇತ್ತು. ನಿನ್ನ ಬದುಕಿನಲ್ಲಿ ನನ್ನದೂ ಒಂದು ಪಾಲು ಇದೆ ಎಂದು ಅವಳಿಂದ ಅನಿಸಿಕೊಳ್ಳಬೇಕಿತ್ತು.

ಶರಣಮ್ಮ ತಲೆ ಅಲ್ಲಾಡಿಸಿದಳು.

"ನನ್ನ ಜಾಗಾ ನಿನ್ನಿಂದ ಬಂದದ್ದಲ್ಲವ್ವಾ. ಪರೀಕ್ಷಾಕ್ಕಿಂತ ಮೊದಲ ಬಾಯಾರು ಹೆಡ್ ಸರ್‌ಗೆ ಹೇಳಿ ದಪ್ಪ ಪುಸ್ತಕದ ಖೋಲ್ಯಾಗ ನನ್ನ ಸಲುವಾಗಿ ಒಂದು ಬೆಂಚು ಹೆಚ್ಚಿಗಿ ಹಾಕ್ಸಿದ್ರು. ಸಿಪಾಯಿ ಜೋಡಿ ನಾನೂ ಎತ್ತಿ ಇಟ್ಟಿದ್ದೆ. ನೀ ಕೆಳಗ ಹೋದ ಮ್ಯಾಲೆ, ಆಕಿ ಬರೂತನಾ ಆಕಿ ಜಾಗಾದಾಗ ಕೂಡು ಅಂದ್ರು. ನನ್ನ ಬೆಂಚು ಆ ವರ್ಷಪೂರ್ತಿ ಖಾಲಿನ ಇತ್ತು."

ಹಾಗಿದ್ದರೆ ನನ್ನನ್ನು ಯಾಕೆ ಇಳಿಸಿದರು ಎಂದು ಕೇಳಿದೆ.

"ನಿನಗ ಮಾತು ಬರ್ತಿದ್ದಿಲ್ಲಲ್ಲ" ಎಂದಳು. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಹೇಳುವ ಹಾಗೆ.

ಒಳಗೆ ಎಲೆ ಹಾಕಿದ್ದರು, ಊಟಕ್ಕೆ ಕರೆದರು. ಶರಣಮ್ಮ ಎದ್ದು ಹೋದಳು. ನಾನು ಕೂತೇ ಇದ್ದೆ. ಜಾಗವಿತ್ತು, ಇಬ್ಬರಿಗೂ ಇತ್ತು. ಅವಳಿಗಾಗಿ ನನ್ನನ್ನು ಇಳಿಸಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಆ ದಿನ ಪೆನ್ನನ್ನು ತುಟಿಗೆ ಹಿಡಿದು ಅಷ್ಟು ಹೊತ್ತು ಯೋಚಿಸಿದ್ದು ನನ್ನೊಬ್ಬಳ ಬಗ್ಗೆ. ಅದನ್ನು ಅವರಿಗೆ ಹೇಳಿ ಕಾಲು ಮುಟ್ಟಲು ಈಗ ಅವರಿಲ್ಲ. ಶರಣಮ್ಮನ ಮೇಲಿನ ಕಿಚ್ಚು ಹೋಯಿತೇ ಎಂದರೆ, ಪೂರ್ತಿ ಹೋಗಿಲ್ಲ. ಅವಳಿಗೆ ಅವರ ತಲೆ ಬಾಚುವ ದಿನಗಳು ಸಿಕ್ಕವು. ಹೋಗಿದ್ದರೆ ನನಗೂ ಸಿಗಬಹುದಿತ್ತು, ಬಾಗಿಲು ತೆರೆದೇ ಇತ್ತು.