ಮಣಿಪಾಲದಲ್ಲಿ ಕಂಡ ಪಟ್ಟೆಗಳು

ಕಾರ್ಕಳದಿಂದ ಬಂದು ಮಣಿಪಾಲದಲ್ಲಿ ಗೆಳತಿ ಗ್ರೇಸಿಯ ಪ್ರಯೋಗಾಲಯದಲ್ಲಿ ಕುಳಿತಿದ್ದೇನೆ. ಮೇಜಿನ ಮೇಲೆ ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿದ ಕಬ್ಬಿಣದ ಉಲ್ಕೆಯ ತುಂಡು. ಅವಳ ಪ್ರೊಫೆಸರು ಇದನ್ನು ಪಟ್ಟೆಗಳಿಲ್ಲದ ಉಲ್ಕೆಗಳ ವರ್ಗಕ್ಕೆ ಸೇರಿಸಿದ್ದರು. ಗ್ರೇಸಿ ಒಪ್ಪಿರಲಿಲ್ಲ. ಇಂದು ಅವರೆದುರೇ ತುಂಡನ್ನು ಕನ್ನಡಿಯಂತೆ ಉಜ್ಜಿ, ಪಟ್ಟೆಗಳಿದ್ದರೆ ಎದ್ದು ಕಾಣಲೆಂದು ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು.

"ಎಂತ ಕಾಣ್ತದೆ?" ಎಂದೆ.

"ಪಟ್ಟೆ ಉಂಟು ಮಾರಾಯ್ತಿ! ನೀನೇ ನೋಡು!"

ನೋಡಿದೆ. ಕೂದಲಿಗಿಂತ ಸಪೂರದ ಬೆಳ್ಳಿಗೆರೆಗಳು ಓರೆಯಾಗಿ ಒಂದನ್ನೊಂದು ಹಾದು ಚಾಪೆಯಂತೆ ಹೆಣೆದುಕೊಂಡಿದ್ದವು. ಕಬ್ಬಿಣವೂ ನಿಕ್ಕಲ್ಲೂ ಯುಗಗಟ್ಟಲೆ ನಿಧಾನವಾಗಿ ತಣಿದರೆ ಮಾತ್ರ ಹೀಗಾಗುತ್ತದಂತೆ!

ಪ್ರೊಫೆಸರು ಬಹಳ ಹೊತ್ತು ನೋಡಿದರು. "ನೀವು ಹೇಳಿದ್ದೇ ಸರಿ ಗ್ರೇಸಿ. ವರ್ಗ ಬದಲಾಯಿಸುವ" ಎಂದರು.

ಗ್ರೇಸಿ ಕೈಗವಸು ಕಿತ್ತೆಸೆದು, ಕಲ್ಯಾಣಪುರದ ಅಮ್ಮನಿಗೆ ಫೋನ್ ಮಾಡಿ, ಇಡೀ ಮಹಡಿಗೆ ಕೇಳುವಂತೆ ಕೊಂಕಣಿಯಲ್ಲಿ ಗೆದ್ದೆನೆಂದು ಕೂಗಿದಳು.