ಲೈನು ನಿಧಾನ, ನಾನಲ್ಲ

ಇವತ್ತಿಗೂ ಯಾರಾದರೂ ‘ಕಂಪ್ಯೂಟರು ಸುಳ್ಳು ಹೇಳೋದಿಲ್ಲ’ ಅಂದರೆ ನನಗೆ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಎಂಬಿಬಿಎಸ್ ಎರಡನೇ ವರ್ಷದಲ್ಲಿ ಕಾಮಾಲೆಯಾಗಿ ಜೋಯಿಡಾದ ಮನೆಗೆ ಬಂದು ಬಿದ್ದಿದ್ದೆ. ಕಾಲೇಜಿನವರು ಹೊಸ ಹುರುಪಿನಲ್ಲಿ ಔಷಧಶಾಸ್ತ್ರದ ವಾರದ ಟೆಸ್ಟನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ಊರಲ್ಲಿದ್ದೇ ಬರೆಯಬಹುದು, ಮುಗಿದ ಕೂಡಲೇ ಕಂಪ್ಯೂಟರೇ ಒಬ್ಬೊಬ್ಬರ ಹೆಸರು ಹಿಡಿದು, ಎಲ್ಲಿ ತಪ್ಪಿದ್ದೀರಿ, ಏನು ಓದಬೇಕು ಎಂದು ಹೇಳುತ್ತದಂತೆ. ಆ ಅಂಕ ಸಾಲದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ.

ನಮ್ಮೂರಲ್ಲಿ ಆಗ ಇಂಟರ್ನೆಟ್ ಎಲ್ಲಿ ಬರಬೇಕು? ಅವ್ವ ನನ್ನನ್ನು ಬಸ್ಸಿನಲ್ಲಿ ದಾಂಡೇಲಿಗೆ ಕರೆದುಕೊಂಡು ಹೋಗಿ, ಸೈಬರ್ ಅಂಗಡಿಯಲ್ಲಿ ಕೂರಿಸಿ, ಹಿಂದೆ ಸ್ಟೂಲಿನ ಮೇಲೆ ಕಾಯುತ್ತಿದ್ದಳು. ಒಂದು ಉತ್ತರ ಒತ್ತಿದರೆ ಮುಂದಿನ ಪ್ರಶ್ನೆ ತೆರೆದುಕೊಳ್ಳುವುದರೊಳಗೆ ಒಂದು ಚಹಾ ಕುಡಿದು ಮುಗಿಸಬಹುದಿತ್ತು. ಟೆಸ್ಟಿನ ಗಡಿಯಾರ ಮಾತ್ರ ಓಡುತ್ತಲೇ ಇರುತ್ತಿತ್ತು. ಅರ್ಧದಲ್ಲೇ ಸಮಯ ಮುಗಿದು ನನ್ನ ಹೆಸರು ಹಿಡಿದು ಇಂಗ್ಲಿಷಿನಲ್ಲಿ ಷರಾ ಮೂಡುತ್ತಿತ್ತು: ‘ನೀವು ಉತ್ತರಿಸಲು ತುಂಬ ಹೊತ್ತು ಯೋಚಿಸುತ್ತೀರಿ. ನಿಮ್ಮ ಬುನಾದಿ ಗಟ್ಟಿಯಿಲ್ಲ. ಮೊದಲ ಅಧ್ಯಾಯದಿಂದ ಓದಿ.’

“ಏನಂತದು?” ಎಂದಳು ಅವ್ವ.

“ನಾ ಭಾಳ ನಿಧಾನ ಅಂತ. ಲೈನ್ ನಿಧಾನ ಐತಿ ಅವ್ವಾ, ನಾ ಅಲ್ಲ.”

“ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ.”

ಮರುದಿನದಿಂದ ಬೆಳಗಾದರೆ ಒಂದೆಲಗದ ಚಟ್ನಿ. ಗದ್ದೆಯ ಬದುವಿನಿಂದ ಕಿತ್ತು ತಂದು, ಖಾರವಿಲ್ಲದೆ ಅರೆದು, ನಾನು ತಿಂದು ಮುಗಿಸುವ ತನಕ ಎದುರಿಗೇ ಕೂರುತ್ತಿದ್ದಳು. “ತಿನ್ನ, ತಲಿ ಚುರುಕ ಆಗ್ತೈತಿ.” ಕಾಮಾಲೆಯ ಬಾಯಿಗೆ ಅದು ಇನ್ನಷ್ಟು ಕಹಿ.

ಪಾಠ ಮಾಡುವ ಸರ್‌ಗೆ ಫೋನ್ ಮಾಡಿ ಲೈನಿನ ವಿಷಯ ಹೇಳಿದೆ. “ಕಂಪ್ಯೂಟರು ಸುಳ್ಳು ಹೇಳೋದಿಲ್ಲಮ್ಮ,” ಎಂದರು. “ಕಾಡಿನ ಕಡೆಯಿಂದ ಬಂದವರು, ಸ್ವಲ್ಪ ನಿಧಾನ ಇರ್ತೀರಿ. ಬೇಜಾರು ಮಾಡ್ಕೋಬೇಡ.” ಪುಣ್ಯಾತ್ಮ, ಸಮಾಧಾನ ಬೇರೆ ಹೇಳಿದರು.

ವಾಸಿಯಾಗಿ ಕಾಲೇಜಿಗೆ ಮರಳುವ ಹೊತ್ತಿಗೆ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿಯಾಗಿತ್ತು. ಪರೀಕ್ಷೆಗೆ ಕೂರಲಾರದವಳು ತರಗತಿಯಲ್ಲಿ ನಾನೊಬ್ಬಳೇ. ಹಟಕ್ಕೆ ಬಿದ್ದು ಕಾಲೇಜಿನ ಲ್ಯಾಬಿನಲ್ಲಿ ಅದೇ ಟೆಸ್ಟ್ ಬರೆದೆ. ಅಲ್ಲಿ ಪ್ರಶ್ನೆಗಳು ಪಟಪಟ ತೆರೆದುಕೊಂಡವು, ಸಮಯ ಮಿಕ್ಕಿತು. ‘ಅಭಿನಂದನೆ. ನಿಮ್ಮ ಯೋಚನೆ ಚುರುಕಾಗಿದೆ. ನಿಮ್ಮ ಶ್ರಮ ಫಲ ಕೊಟ್ಟಿದೆ’ ಎಂದಿತು ಆ ದರಿದ್ರ ಯಂತ್ರ. ಸರ್‌ಗೆ ತೋರಿಸಿದೆ. “ನೋಡು, ಅದು ಹೇಳಿದ ಹಾಗೆ ಓದಿದ್ದಕ್ಕೇ ನೀನು ಸುಧಾರಿಸಿದೆ,” ಎಂದು ನಕ್ಕರು. ಹಾಗಾದರೆ ಪರೀಕ್ಷೆಗೆ ಕೂರಿಸಿ ಅಂದೆ. ಅದು ಮಾತ್ರ ಆಗುವುದಿಲ್ಲ ಅಂದರು.

ಗೆಳತಿಯರೆಲ್ಲ ಪರೀಕ್ಷೆಗೆ ಹೋದ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಲ್ಯಾಬಿನಲ್ಲಿ ಆದದ್ದನ್ನು ಬಿಡಿಸಿ ಹೇಳಿದೆ. ನನ್ನ ಪರವಾಗಿ ಆ ಸರ್‌ಗೆ ಒಂದು ಮಾತಾದರೂ ಬೈಯುತ್ತಾಳೆಂದು ಕಾದೆ.

“ಇರ್ಲಿ ಬಿಡ ಮಗಳ, ಮುಂದಿನ ಸಲ ಬರದ್ರಾತು,” ಎಂದಳು. ದನಿಯಲ್ಲಿ ಖುಷಿಯಿತ್ತು. “ಒಂದೆಲಗ ಕೆಲಸಾ ಮಾಡ್ತು ನೋಡ.”